ಮಡಕೆಯ ತಂಪು, ಕೋಡಿಯ ನೊರೆ, ಹುಣಸೆಯ ನೆರಳು: ಕಿರಿಯರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಮನೆಯ ಮಡಕೆಯ ನೀರು ಬಹಳ ತಣ್ಣಗಿರುತ್ತದೆ. ರಜೆಯಲ್ಲಿ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅಲ್ಲಿಯ ಮಡಕೆಯ ನೀರು ಅಷ್ಟು ತಣ್ಣಗಿರಲಿಲ್ಲ. ಅಲ್ಲಿ ಬಿಸಿಲು ನಮ್ಮಲ್ಲಿಗಿಂತ ಕಡಿಮೆ. ಹಾಗಾದರೆ ನೀರು ಇನ್ನಷ್ಟು ತಣ್ಣಗಾಗಬೇಕಲ್ಲವೇ?
– ಎಂಟನೇ ತರಗತಿಯ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ನೀರು ಹೊರಮೈಗೆ ಜಿನುಗಿ, ಅಲ್ಲಿಂದ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಸೆಳೆದುಕೊಳ್ಳುವುದರಿಂದ ಉಳಿದ ನೀರು ತಣ್ಣಗಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರ್ ಹಿಡಿಯುವ ಮಡಕೆಯಿಂದ 100 ಗ್ರಾಂ, ಅಂದರೆ ಅರ್ಧ ಲೋಟದಷ್ಟು ನೀರು ಆವಿಯಾಯಿತೆಂದುಕೊಳ್ಳಿ. ಹೊರಗಿನ ಶಾಖ ಒಳನುಗ್ಗದಿದ್ದರೆ ಉಳಿದ ನೀರಿನ ಉಷ್ಣತೆ ಹೆಚ್ಚುಕಡಿಮೆ 6 ಡಿಗ್ರಿ ಇಳಿಯುತ್ತದೆ. ಇಷ್ಟು ಕಡಿಮೆ ನೀರನ್ನು ಕಳೆದುಕೊಂಡು ಇಷ್ಟು ತಂಪನ್ನು ಪಡೆಯುವ ಸಾಧನ ಇನ್ನೊಂದು ಮನೆಯಲ್ಲಿರಲಾರದು, ಅದೂ ವಿದ್ಯುತ್ತಿನ ಹಂಗಿಲ್ಲದೆ.

ಆದರೆ ಆವಿಯಾಗುವ ವೇಗವನ್ನು ನಿರ್ಧರಿಸುವುದು ಬಿಸಿಲೊಂದೇ ಅಲ್ಲ. ಗಾಳಿಯಲ್ಲಿ ಈಗಾಗಲೇ ಎಷ್ಟು ತೇವವಿದೆ ಎಂಬುದು ಅದಕ್ಕಿಂತ ಮುಖ್ಯ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಯಾವ ಅಂಕಿಗೆ ಇಳಿದು ನಿಲ್ಲುತ್ತದೆಯೋ, ಮಡಕೆಯ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮತ್ತು ಆರ್ದ್ರತೆ ಶೇ 20 ಇರುವ ನಿಮ್ಮೂರಿನಂಥ ಒಣ ಮಧ್ಯಾಹ್ನದಲ್ಲಿ ಆ ಗಡಿ ಸುಮಾರು 22 ಡಿಗ್ರಿ. ಉಷ್ಣತೆ 33 ಡಿಗ್ರಿಯೇ ಇದ್ದರೂ ಆರ್ದ್ರತೆ ಶೇ 70 ಇರುವ ಕರಾವಳಿಯ ಮಧ್ಯಾಹ್ನದಲ್ಲಿ ಅದು ಸುಮಾರು 28 ಡಿಗ್ರಿ. ಹೀಗಾಗಿ ನಿಮ್ಮ ಚಿಕ್ಕಮ್ಮನ ಮಡಕೆಯನ್ನು ದೂರುವಂತಿಲ್ಲ. ಅಂದಹಾಗೆ, ಗಡಸು ನೀರಿನ ಲವಣಗಳು ರಂಧ್ರಗಳಲ್ಲಿ ಕಟ್ಟಿಕೊಂಡ ಹಳೆಯ ಮಡಕೆಯೂ, ಹೊರಮೈಗೆ ಹೊಳೆಯುವ ಬಣ್ಣ ಬಳಿದ ಹೊಸ ಮಡಕೆಯೂ ನೀರನ್ನು ಸರಿಯಾಗಿ ತಣಿಸುವುದಿಲ್ಲ. ಎರಡನೆಯದನ್ನು ಅಂದಕ್ಕಾಗಿ ಕೊಳ್ಳಬಹುದೇ ಹೊರತು ತಂಪಿಗಾಗಿ ಅಲ್ಲ.

ಪ್ರಶ್ನೆ: ನಮ್ಮ ಬಚ್ಚಲಿನ ಸೋಪಿನ ನೊರೆ ಸ್ವಲ್ಪ ಹೊತ್ತಿನಲ್ಲೇ ಒಡೆದುಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ಮಾತ್ರ ರಸ್ತೆಗೆ ಹಾರಿ ಬಂದರೂ ಒಡೆಯುತ್ತಿರಲಿಲ್ಲವಂತೆ, ಅದಕ್ಕೆ ಬೆಂಕಿಯೂ ಹತ್ತಿತ್ತಂತೆ. ನೊರೆ ಎಂದರೆ ನೀರಲ್ಲವೇ?
– ಒಂಬತ್ತನೇ ತರಗತಿಯ ವಿದ್ಯಾರ್ಥಿ, ಬೆಂಗಳೂರು

ಉತ್ತರ: ನೊರೆಯಲ್ಲಿ ನೀರಿಗಿಂತ ಗಾಳಿಯೇ ಬಹಳ ಹೆಚ್ಚು, ನೀರಿರುವುದು ಗುಳ್ಳೆಗಳ ತೆಳುವಾದ ಗೋಡೆಯಲ್ಲಿ ಮಾತ್ರ. ಆ ನೀರು ಕೆಳಗಿಳಿದು ಗೋಡೆ ತೀರಾ ತೆಳುವಾದಾಗ ಗುಳ್ಳೆ ಒಡೆಯುತ್ತದೆ. ಸ್ನಾನದ ಸೋಪು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಕಿಟ್ಟವಾಗುವುದರಿಂದ ಅದರ ನೊರೆ ಬೇಗ ಸಾಯುತ್ತದೆ. ಬಟ್ಟೆ ಒಗೆಯುವ ಪುಡಿ ಮತ್ತು ಪಾತ್ರೆ ತೊಳೆಯುವ ದ್ರವಗಳಲ್ಲಿರುವ ಮಾರ್ಜಕಗಳು ಹಾಗೆ ಸುಲಭವಾಗಿ ಕಿಟ್ಟವಾಗುವುದಿಲ್ಲ. ಸಂಸ್ಕರಣೆಯಾಗದ ಕೊಳಚೆಯೊಡನೆ ಅವು ಕೆರೆ ಸೇರಿದಾಗ, ಒಂದು ಪಾಲು ತಳದ ಕೆಸರಿಗೆ ಅಂಟಿಕೊಂಡು ಶೇಖರವಾಗುತ್ತಾ ಹೋಗುತ್ತದೆ. ಜೋರು ಮಳೆ ಬಂದು ಆ ಕೆಸರು ಕದಡಿ, ನೀರು ಕೋಡಿಯಲ್ಲಿ ಧುಮುಕಿ ಗಾಳಿಯೊಡನೆ ಬೆರೆತಾಗ ನೊರೆ ಏಳುತ್ತದೆ. ಕೊಳಚೆಯ ಸೂಕ್ಷ್ಮ ಕಣಗಳೂ ಬ್ಯಾಕ್ಟೀರಿಯಾಗಳೂ ಗುಳ್ಳೆಯ ಗೋಡೆಗೆ ಅಂಟಿ ಅದನ್ನು ಗಟ್ಟಿಗೊಳಿಸುವುದರಿಂದಲೇ ಅದು ಗಾಳಿಗೆ ತೂರಿ ವಾಹನಗಳ ಮೇಲೆ ಬಿದ್ದರೂ ಒಡೆಯದೆ ಉಳಿಯುತ್ತಿದ್ದುದು. ಮಳೆ ಬಂದರೆ ಕೊಳೆ ತೊಳೆದುಹೋಗಿ ನೊರೆ ಕಡಿಮೆಯಾಗಬೇಕು ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಇನ್ನು ಬೆಂಕಿಯ ಮಾತು. ಉರಿಯುವುದು ನೀರಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಳಚೆ ಕೊಳೆಯುವಾಗ ಹುಟ್ಟುವ ಮೀಥೇನ್ ಅನಿಲ, ಎಣ್ಣೆ ಮತ್ತು ಜಿಡ್ಡಿನ ಪದರ, ದಡದಲ್ಲಿ ಒಣಗಿ ನಿಂತ ಕಳೆ, ಸುರಿದ ಕಸ ಇವೆಲ್ಲವೂ ಉರಿಯಬಲ್ಲವು. ಕಿಡಿಯೊಂದು ತಗುಲಿದರೆ ಸಾಕು. 2015ರ ಮೇ ತಿಂಗಳಿನಲ್ಲಿ ನೊರೆಯ ಮೇಲೆ ಬೆಂಕಿ ಕಾಣಿಸಿಕೊಂಡಿತು. 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದಾಗ ಒಣ ಹುಲ್ಲು ಮತ್ತು ಕಳೆ ಹೊತ್ತಿ ಉರಿದು ದಟ್ಟ ಹೊಗೆ ಎದ್ದಿತ್ತು. ಈ ಕೆರೆಯ ನೀರು ವರ್ತೂರು ಕೆರೆಯನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ ಎಂಬುದನ್ನು ಭೂಪಟದಲ್ಲಿ ಗುರುತಿಸಿ ನೋಡಿ. ನಮ್ಮ ಬಚ್ಚಲಿನ ನೀರು ಎಷ್ಟು ದೂರದವರ ಹೊಲಗಳನ್ನು ತಲುಪುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಪ್ರಶ್ನೆ: ಮೊದಲ ಮಳೆಗೆ ಮಣ್ಣು ಘಮಘಮಿಸುತ್ತದೆ, ವಾರವಿಡೀ ಮಳೆ ಹಿಡಿದರೆ ಆ ವಾಸನೆ ಏಕೆ ಬರುವುದಿಲ್ಲ?
– ಏಳನೇ ತರಗತಿಯ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳು ಜಿಯೊಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಬೀಟ್‌ರೂಟಿನ ಮಣ್ಣು ವಾಸನೆಗೆ ಕಾರಣವೂ ಇದೇ. ಬೇಸಿಗೆಯುದ್ದಕ್ಕೂ ಗಿಡಗಳಿಂದ ಹೊರಬಂದ ತೈಲಾಂಶವೂ ಒಣ ಮಣ್ಣು ಮತ್ತು ಕಲ್ಲುಗಳ ಮೇಲೆ ಸೇರಿಕೊಂಡಿರುತ್ತದೆ. ಹನಿಯೊಂದು ಒಣನೆಲಕ್ಕೆ ಬಿದ್ದಾಗ ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಹನಿಯೊಳಗೆ ಏರಿ, ಮೇಲೆ ಸಿಡಿದು, ಈ ವಸ್ತುಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಿಂದ ಇದನ್ನು ಚಿತ್ರೀಕರಿಸಿ 2015ರಲ್ಲಿ ಪ್ರಕಟಿಸಿದರು. ಹಗುರ ಮಳೆಯಲ್ಲಿ ಹೀಗೆ ಚಿಮ್ಮುವುದು ಹೆಚ್ಚು. ನೆಲ ನೀರುಂಡ ಮೇಲೆ ರಂಧ್ರಗಳಲ್ಲಿ ಗಾಳಿಯೂ ಇರುವುದಿಲ್ಲ, ಶೇಖರವಾಗಿದ್ದ ತೈಲವೂ ತೊಳೆದುಹೋಗಿರುತ್ತದೆ.

ಪ್ರಶ್ನೆ: ರಾತ್ರಿ ಹುಣಸೆ ಮರದ ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅಜ್ಜಿ ಹೇಳುತ್ತಾರೆ. ನಿಜವೇ?
– ಆರನೇ ತರಗತಿಯ ವಿದ್ಯಾರ್ಥಿ, ಹಾವೇರಿ

ಉತ್ತರ: ಇಲ್ಲ. ಮರಗಳು ಹಗಲಿರುಳೂ ಉಸಿರಾಡುತ್ತವೆ. ರಾತ್ರಿ ಆಹಾರ ತಯಾರಿಕೆ ನಿಲ್ಲುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಬರುವುದು ಸತ್ಯ. ಆದರೆ ತೆರೆದ ಬಯಲಿನಲ್ಲಿ ಅದು ಕೂಡಲೇ ಗಾಳಿಯಲ್ಲಿ ಬೆರೆತುಹೋಗುತ್ತದೆ. ಅಜ್ಜಿಯ ಮಾತನ್ನು ಪಾಲಿಸಲು ಬೇರೆ ಕಾರಣಗಳಿವೆ: ಕತ್ತಲಲ್ಲಿ ಓಡಾಡುವ ಚೇಳು, ಹಾವು ಮತ್ತು ಗಾಳಿಗೆ ಮುರಿದು ಬೀಳುವ ಒಣ ಕೊಂಬೆ.