ಬಯಾಪ್ಸಿ ಚೂರಲ್ಲಿ ಅಮೈಲಾಯ್ಡ್ (ತಪ್ಪಾಗಿ ಮಡಚ್ಕೊಂಡು ಒಂದಕ್ಕೊಂದು ಅಂಟ್ಕೊಂಡಿರೋ ಪ್ರೋಟೀನ್) ಇದೆಯಾ ಅಂತ ಇನ್‌ಫ್ರಾರೆಡ್ಡಲ್ಲಿ ಗೊತ್ತಾಗುತ್ತಾ?

ಗೊತ್ತಾಗುತ್ತೆ, ಆದ್ರೆ ಸದ್ಯಕ್ಕೆ ಅದು ಹೆಚ್ಚಾಗಿ ರಿಸರ್ಚ್ ಲ್ಯಾಬಿನ ಸಾಮಾನು ಕಣ್ರೀ, ಆಸ್ಪತ್ರೇಲಿ ಈಗ್ಲೂ ಕಾಂಗೋ ರೆಡ್ ಬಣ್ಣ ಹಾಕಿ ಪೋಲರೈಸ್ಡ್ ಬೆಳಕಲ್ಲಿ ಹಸಿರು ಹೊಳೆಯುತ್ತಾ ಅಂತಾನೇ ನೋಡೋದು. ಐಡಿಯಾ ಮಾತ್ರ ಸಖತ್: ಸುರುಳಿಯಾಗಿರೋ ಪ್ರೋಟೀನ್ 1650ರ ಆಸುಪಾಸಲ್ಲಿ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನೋ ಲೆಕ್ಕ) ಬೆಳಕು ಹೀರುತ್ತೆ, ಅದೇ ತಪ್ಪಾಗಿ ಮಡಚ್ಕೊಂಡು ಹಾಳೆ ಹಾಳೆಯಾಗಿ ಅಂಟ್ಕೊಂಡ್ರೆ ಪೀಕು 1620-1630ರ ಕಡೆ ಜಾರುತ್ತೆ, ಬಣ್ಣಗಿಣ್ಣ ಏನೂ ಬೇಡ. ತಲೆನೋವು ನೀರಿಂದು, ಅದೂ 1640ರ ಹತ್ರಾನೇ ಹೀರುತ್ತಲ್ಲ, ಹಂಗಾಗಿ ಕೆಲವೇ ಮೈಕ್ರಾನ್ ದಪ್ಪದ ಆ ಚೂರನ್ನ ಕಣದಲ್ಲಿ ಹರಡಿರೋ ಕಾಫಿ ಥರ ಚೆನ್ನಾಗಿ ಒಣಗಿಸ್ತಾರೆ, ಮಡಿಕೇರಿ ಜುಲೈ ಮಳೇಲಿ ಕಷ್ಟಾನೇ ಬಿಡಿ. ಯಾವ ಪ್ರೋಟೀನು ಅನ್ನೋದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿ (ಪ್ರೋಟೀನ್ ತುಣುಕುಗಳ ತೂಕ ನೋಡಿ ಗುರುತು ಹಿಡಿಯೋ ಪರೀಕ್ಷೆ) ಇದೆ, ಡಾಕ್ಟರ್ ಹತ್ರ ಅದನ್ನ ಕೇಳಿ, ಟ್ರೀಟ್‌ಮೆಂಟು ಅದ್ರ ಮೇಲೇ ನಿಂತಿರೋದು.