ಬೀದಿಗೆ ದುಡ್ಡು ಬಂತು, ಜಗಲಿ ಹೋಯ್ತು

ಪ್ರಶ್ನೆ: ಅಕ್ಕಾ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಬಜಾರ್ ರಸ್ತೆ ಹಿಂದುಗಡೆ ಹಳೇ ಬೀದಿ ನಮ್ದು. ನಾಲ್ಕೈದು ಮನೆಯವರು ನಂದಿ ಕಡೆ ಇದ್ದ ದ್ರಾಕ್ಷಿ ತೋಟ ಲೇಔಟ್‌ನವರಿಗೆ ಮಾರಿದ್ರು, ಕೋಟಿ ಲೆಕ್ಕದಲ್ಲಿ ದುಡ್ಡು ಬಂತು. ಹೆಂಚಿನ ಮನೆ ಕೆಡವಿ ಮೂರು ಫ್ಲೋರ್ ಎಬ್ಬಿಸಿದ್ರು, ಜಗಲಿ ಒಡೆದು ಚರಂಡಿ ಮೇಲೇ ಕಾರಿಗೆ ರ‍್ಯಾಂಪ್ ಹಾಕಿದ್ರು, ಗೇಟು, ಸಿಸಿ ಕ್ಯಾಮೆರಾ ಎಲ್ಲಾ ಬಂತು. ಸಾಯಂಕಾಲ ಜಗಲಿ ಮೇಲೆ ಕೂತು ಹೂ ಕಟ್ತಿದ್ದ ಹೆಂಗಸರು ಈಗಿಲ್ಲ, ಇಸ್ತ್ರಿ ಗಾಡಿಯವನನ್ನೂ ಎಬ್ಬಿಸಿದ್ರು. ನನಗೆ ತುಂಬಾ ಸಂಕಟ ಆಗತ್ತೆ, ಹೆಂಡ್ತಿ ಇದು ಬರೀ ಹೊಟ್ಟೆಕಿಚ್ಚು ಅಂತಾಳೆ. ಹೌದಾ?
– ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ: ತಮ್ಮಾ, ಸ್ವಲ್ಪ ಹೊಟ್ಟೆಕಿಚ್ಚು ಇದ್ರೂ ಇರಬಹುದು, ಜೊತೇಲಿ ಗೋಲಿ ಆಡಿದವನು ದಿಢೀರ್ ಅಂತ ಸಾಹುಕಾರ ಆದ್ರೆ ಯಾರಿಗಾದ್ರೂ ಒಂಥರಾ ಆಗತ್ತೆ. ಆದ್ರೆ ಹೂ ಕಟ್ಟೋ ಹೆಂಗಸರು, ಇಸ್ತ್ರಿಯವನು ಇವರನ್ನ ನೆನೆಸ್ಕೊಂಡು ಬೇಜಾರಾಗೋದಕ್ಕೆ ಹೊಟ್ಟೆಕಿಚ್ಚು ಅನ್ನೋಕಾಗಲ್ಲ.

ಮೊದಲು, ಮಾರಿದವರನ್ನ ಬೈಬೇಡಿ. 2007ರಲ್ಲಿ ನಿಮ್ಮೂರು ಜಿಲ್ಲಾ ಕೇಂದ್ರ ಆಯ್ತು, ಮಾರನೇ ವರ್ಷ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು, ಎಕರೆ ಗುಂಟೆ ಲೆಕ್ಕದಲ್ಲಿದ್ದ ಜಮೀನು ಚದರಡಿ ಲೆಕ್ಕಕ್ಕೆ ಬಂತು. ಇತ್ತ ಸಾವಿರ ಅಡಿ ಕೊರೆಸಿದ್ರೂ ಎಷ್ಟೋ ಬೋರಲ್ಲಿ ಬರೀ ಧೂಳು, ದ್ರಾಕ್ಷಿಗೆ ಕಟಿಂಗು, ಔಷಧಿ, ಕೂಲಿ ಅಂತ ವರ್ಷವಿಡೀ ಖರ್ಚು, ಹೂವಿನ ಟೈಮಲ್ಲಿ ಮಳೆ ಹಿಡ್ಕೊಂಡ್ರೆ ಅಷ್ಟೂ ಹೋಯ್ತು. ಸಾಕಾಗಿ ಮಾರಿದವರು ಬೇಕಾದಷ್ಟು ಜನ ಇದಾರೆ.

ತಿಂಗಳು ತಿಂಗಳು ದುಡಿದು ಬರೋ ದುಡ್ಡಾದ್ರೆ ಮನುಷ್ಯ ಅದಕ್ಕೆ ಹೊಂದ್ಕೊಳ್ತಾ ಹೋಗ್ತಾನೆ. ಜಮೀನಿನ ದುಡ್ಡು ಒಂದೇ ಸಲ ಬರತ್ತೆ, ಮತ್ತೆ ಬರಲ್ಲ, ಅದು ಅವರಿಗೂ ಗೊತ್ತು. ಬಂದ ವಾರಕ್ಕೇ ಬ್ರೋಕರ್ರು, ಚೀಟಿಯವರು, ಕೈಸಾಲ ಕೇಳೋ ನೆಂಟರು ಎಲ್ಲಾ ಬಾಗಿಲಿಗೆ ಬರ್ತಾರೆ. ಹಂಗಾಗಿ ಗೇಟು, ಕ್ಯಾಮೆರಾ. ಜಂಬಕ್ಕಿಂತ ಭಯಾನೇ ಜಾಸ್ತಿ ಅಂತ ನನಗನ್ಸತ್ತೆ. ಬಾಡಿಗೆ ಆದ್ರೂ ಬರ್ತಾ ಇರ್ಲಿ ಅಂತ ಜಾಗ ಬಿಡದಂಗೆ ಕಟ್ತಾರೆ, ಜಗಲಿಯಿಂದ ಬಾಡಿಗೆ ಬರಲ್ಲವಲ್ಲ.

ಇನ್ನೊಂದು ವಿಷಯ, ನೀವು ಬರೆದಿಲ್ಲ, ಆದ್ರೆ ಇಂಥ ಬೀದಿಗಳಿಂದ ನನಗೆ ಬರೋ ಕಾಗದದಲ್ಲೆಲ್ಲಾ ಇರತ್ತೆ. ಜಮೀನು ಮಾರೋವಾಗ ಅಕ್ಕತಂಗೀರ ಕೈಲಿ ಒಂದು ಸೀರೆ, ಒಂದಿಷ್ಟು ದುಡ್ಡು ಇಟ್ಟು ಸೈನ್ ಹಾಕಿಸ್ಕೊಳ್ತಾರೆ. ಪಿತ್ರಾರ್ಜಿತ ಆಸ್ತಿಲಿ ಹೆಣ್ಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ತಿದ್ದುಪಡಿ ಆಗಿದೆ, ಅಪ್ಪ ಅದಕ್ಕೂ ಮುಂಚೆ ತೀರ್ಕೊಂಡಿದ್ರೂ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟಾದ್ರೂ ಕೇಳಿದವಳೇ ಕೆಟ್ಟವಳು. ಆಮೇಲೆ ಕೋರ್ಟು, ಗೌರಿ ಹಬ್ಬಕ್ಕೆ ಬಾಗಿನಾನೂ ಇಲ್ಲ, ಮಾತೂ ಇಲ್ಲ. ಹುಟ್ಟಿ ಬೆಳೆದ ಬೀದಿಗೇ ಆ ಹೆಣ್ಮಕ್ಕಳು ಕಾಲಿಡಲ್ಲ. ಜಗಲಿ ಹೋಗಿದ್ದಕ್ಕಿಂತ ಇದು ನನ್ನ ಹೊಟ್ಟೆ ಉರಿಸತ್ತೆ.

ರ‍್ಯಾಂಪ್ ವಿಷಯಕ್ಕೆ ಮಾತ್ರ ಸುಮ್ನಿರಬೇಡಿ. ಚರಂಡಿ ಯಾರಪ್ಪನ ಮನೇದೂ ಅಲ್ಲ. ಅದನ್ನ ಮುಚ್ಚಿದ್ರೆ ಹೂಳು ತೆಗೆಯಕ್ಕಾಗಲ್ಲ, ಹೊಸ ಮನೆಗಳು ಎತ್ತರದಲ್ಲಿರತ್ತೆ, ಜೋರು ಮಳೆ ನೀರು ತಗ್ಗಲ್ಲಿರೋ ಹಳೇ ಮನೆಗಳಿಗೇ ನುಗ್ಗತ್ತೆ. ಮೊದಲು ಅವರ ಮನೆಗೆ ಹೋಗಿ ಎದುರಾಎದುರು ಮಾತಾಡಿ, ತೆಗೆದಿಡೋ ಕಬ್ಬಿಣದ ಜಾಲರಿ ಹಾಕಿಸಿ ಅನ್ನಿ. ಕೇಳ್ಲಿಲ್ಲ ಅಂದ್ರೆ ಬೀದಿಯವರೆಲ್ಲಾ ಸೈನ್ ಹಾಕಿ ನಗರಸಭೆಗೆ ಅರ್ಜಿ ಕೊಡಿ. ಇಸ್ತ್ರಿಯವನಿಗೆ ನಿಮ್ಮ ಮನೆ ಮುಂದೆ ನಿಮ್ಮದೇ ಜಾಗದಲ್ಲಿ ಆಗತ್ತಾ ನೋಡಿ, ಹೆಂಡ್ತಿ ಒಪ್ಪಿದ್ರೆ ಸಾಕು.

ಪ್ರಶ್ನೆ: ನರಸಾಪುರದ ಕಡೆ ಇದ್ದ ಜಮೀನಿಗೆ ಪರಿಹಾರ ಬಂದ್ಮೇಲೆ ಕೋಲಾರದ ನಮ್ಮ ಬೀದಿಯವರು ಸರಿಯಾಗಿ ಮಾತಾಡಿಸಲ್ಲ, ಮಾತಾಡಿಸಿದವರು ಸಾಲ ಕೇಳ್ತಾರೆ. ಏನ್ ಮಾಡ್ಲಿ?
– ಒಬ್ಬ ಗೃಹಿಣಿ, ಕೋಲಾರ

ಉತ್ತರ: ದುಡ್ಡೆಲ್ಲಾ ಎಫ್‌ಡಿಲಿದೆ, ಯಜಮಾನರನ್ನ ಕೇಳ್ಬೇಕು ಅಂತ ಎಲ್ರಿಗೂ ಒಂದೇ ಮಾತು ಹೇಳಮ್ಮಾ. ನಿಜವಾಗ್ಲೂ ಹಾಕಿಡು, ಆದ್ರೆ ಎಲ್ಲಾ ಒಂದೇ ಬ್ಯಾಂಕಲ್ಲಿ ಬೇಡ, ಬ್ಯಾಂಕ್ ಮುಳುಗಿದ್ರೆ ಒಬ್ಬರಿಗೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಮಾತ್ರ ಇನ್ಶೂರೆನ್ಸ್ ಇರೋದು. ಆಸ್ಪತ್ರೆ ಖರ್ಚಿಗೆ ಅಂತ ಯಾರಾದ್ರೂ ಬಂದ್ರೆ ಸಾಲ ಅನ್ಬೇಡ, ಕೈಲಾದಷ್ಟು ಕೊಟ್ಟು ಮರೆತುಬಿಡು. ಮಾತು ಬಿಟ್ಟವರ ಮನೆಗೆ ನೀನೇ ಹೋಗು, ಸಂಕ್ರಾಂತಿ ಎಳ್ಳುಬೆಲ್ಲದ ತನಕ ಕಾಯ್ಬೇಡ.