ಪ್ಲೇಸ್ಟೇಷನ್ ಮನೆ, ಎಕ್ಸ್‌ಬಾಕ್ಸ್ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಸಮೀಪ. ಅಬುಧಾಬಿಯಲ್ಲಿರುವ ನನ್ನ ತಮ್ಮ ಎರಡು ವರ್ಷಗಳ ಹಿಂದೆ ರಜೆಯಲ್ಲಿ ಬಂದಾಗ ನನ್ನ ಮಗನಿಗೆ ಟಿವಿಗೆ ಜೋಡಿಸಿ ವೀಡಿಯೋ ಗೇಮ್ ಆಡುವ ಪ್ಲೇಸ್ಟೇಷನ್ 5 ಯಂತ್ರ ತಂದುಕೊಟ್ಟ. ತೋಟದ ಆಚೆ ಬದಿಯಲ್ಲಿರುವ ನನ್ನ ಭಾವನವರ ಮಗನ ಬಳಿ ಅಂಥದೇ ಇನ್ನೊಂದು ಯಂತ್ರ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಒಂದೇ ಶಾಲೆಗೆ ಜೊತೆಯಾಗಿ ನಡೆದು ಬೆಳೆದ ಈ ಅಣ್ಣತಮ್ಮಂದಿರು ಯಾವ ಯಂತ್ರ ಮೇಲು ಎಂಬ ವಾದದಲ್ಲಿ ಮಾತು ಬಿಟ್ಟಿದ್ದಾರೆ. ವಿಷುವಿನ ದಿನ ಊಟದ ಪಂಕ್ತಿಯಲ್ಲೂ ದೂರ ದೂರ ಕುಳಿತರು. ಇಷ್ಟು ಹಟವೇಕೆ? ಇದು ಚಟದ ಲಕ್ಷಣವೇ?
– ಓರ್ವ ತಾಯಿ, ಬದಿಯಡ್ಕ

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಕೊನೆಯ ಪ್ರಶ್ನೆಯೇ ಎಂದು ತೋರುವುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಚಟವನ್ನು ಸೇರಿಸಿದೆ ನಿಜ. ಆದರೆ ಅದಕ್ಕೆ ಹೇಳಿರುವ ಲಕ್ಷಣಗಳು ಬೇರೆ: ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದುಗಳಿಗಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಮತ್ತು ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿಯುವುದು. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. ಇರುವುದು ಪಕ್ಷಪಾತ, ಮತ್ತು ಅದರ ಬೇರು ಇನ್ನೊಂದೆಡೆ ಇದೆ.

ಪ್ಲೇಸ್ಟೇಷನ್ 5 ಯಂತ್ರವು 2021ರ ಫೆಬ್ರವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಎಕ್ಸ್‌ಬಾಕ್ಸ್‌ನ ದುಬಾರಿ ಮಾದರಿಯಾದ ಸೀರೀಸ್ ಎಕ್ಸ್‌ಗೂ ಆರಂಭದಲ್ಲಿ ಅಷ್ಟೇ ಬೆಲೆ. ಇಷ್ಟು ಹಣ ಸುರಿದು ಒಂದೇ ಮನೆಗೆ ಎರಡೆರಡು ಯಂತ್ರ ತರುವವರು ನಮ್ಮಲ್ಲಿ ಅಪರೂಪ. ನಿಮ್ಮ ಮಗ ಪ್ಲೇಸ್ಟೇಷನ್ ಆರಿಸಲಿಲ್ಲ, ಮಾವ ತಂದರು. ಆ ಹುಡುಗನದೂ ಬಹುಶಃ ಅದೇ ಕಥೆ. ಕೈಗೆ ಬಂದದ್ದು ಒಂದೇ, ಬದಲಿಸಲು ಸಾಧ್ಯವಿಲ್ಲ ಎಂದಾದಾಗ ಮನಸ್ಸು ತನಗೆ ದೊರೆತದ್ದನ್ನು ಏರಿಸಿ, ದೊರೆಯದ್ದನ್ನು ಇಳಿಸಿ ಸಮಾಧಾನ ಪಡುತ್ತದೆ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಅವರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದರ ವಯಸ್ಸಿನ ಶಾಲಾ ಹುಡುಗರನ್ನು, ಯಾವ ಚಿತ್ರಕಾರನ ಚಿತ್ರ ಹಿಡಿಸಿತು ಎಂಬಂಥ ಕ್ಷುಲ್ಲಕ ಕಾರಣ ಹೇಳಿ, ಎರಡು ಗುಂಪುಗಳಾಗಿ ವಿಂಗಡಿಸಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದು ಕೂಡ ಯಾರಿಗೂ ತಿಳಿದಿರಲಿಲ್ಲ. ಆದರೂ ಹಣ ಹಂಚುವಾಗ ಅನೇಕ ಹುಡುಗರು ತಮ್ಮ ಗುಂಪಿಗೆ ಸ್ವಲ್ಪ ಕಡಿಮೆ ಸಿಕ್ಕಿದರೂ ಸರಿ, ಎದುರು ಗುಂಪಿಗೆ ಅದಕ್ಕಿಂತಲೂ ಕಡಿಮೆ ಸಿಗಬೇಕು ಎಂಬಂತೆ ಹಂಚಿದರು. ವಿಶ್ವಕಪ್ ಫುಟ್‌ಬಾಲ್ ಬಂದಾಗ ನಮ್ಮ ಜಿಲ್ಲೆಯ ರಸ್ತೆಯುದ್ದಕ್ಕೂ ಅರ್ಜೆಂಟೀನಾ, ಬ್ರೆಜಿಲ್‌ಗಳ ಬಾವುಟ ಕಟ್ಟಿ, ಆ ಎರಡೂ ದೇಶಗಳನ್ನು ಕಾಣದವರೇ ತಿಂಗಳುಗಟ್ಟಲೆ ವಾದಿಸುವುದನ್ನು ಕಂಡಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹುಡುಗರಿಬ್ಬರನ್ನೂ ಕೂರಿಸಿ ಒಂದು ಸಂಗತಿಯನ್ನು ತಿಳಿಸಿ. ಅವರ ಎರಡು ಯಂತ್ರಗಳ ಒಳಗೂ ಲೆಕ್ಕ ಮಾಡುವ, ಚಿತ್ರ ಮೂಡಿಸುವ ಮುಖ್ಯ ಚಿಪ್ಪನ್ನು ರೂಪಿಸಿಕೊಟ್ಟದ್ದು ಎಎಂಡಿ ಎಂಬ ಒಂದೇ ಕಂಪನಿ. ಪ್ಲೇಸ್ಟೇಷನ್ ತಯಾರಿಸುವ ಸೋನಿ ಮತ್ತು ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಗಳು 2019ರ ಮೇ ತಿಂಗಳಿನಲ್ಲಿ ಇಂಟರ್‌ನೆಟ್ ಮೂಲಕ ಆಟ ಒದಗಿಸುವ ವಿಷಯದಲ್ಲಿ ಒಟ್ಟಾಗಿ ಕೆಲಸ ಮಾಡುವ ಒಡಂಬಡಿಕೆಗೂ ಸಹಿ ಹಾಕಿದವು. ಮೈನ್‌ಕ್ರಾಫ್ಟ್ ಆಟವನ್ನು ಮೈಕ್ರೋಸಾಫ್ಟ್ 2014ರಲ್ಲಿ ಕೊಂಡುಕೊಂಡ ಮೇಲೂ ಪ್ಲೇಸ್ಟೇಷನ್ನಿಗೆ ಮಾರುವುದನ್ನು ನಿಲ್ಲಿಸಲಿಲ್ಲ. ತನ್ನದೇ ಆದ ಸೀ ಆಫ್ ಥೀವ್ಸ್ ಆಟವನ್ನು 2024ರಲ್ಲಿ ತಾನಾಗಿಯೇ ಪ್ಲೇಸ್ಟೇಷನ್ 5ಕ್ಕೆ ತಂದಿತು. ಯಾರ ಪರವಾಗಿ ಹುಡುಗರು ಮಾತು ಬಿಟ್ಟಿದ್ದಾರೋ ಆ ಕಂಪನಿಗಳು ಪರಸ್ಪರ ಮಾತು ಬಿಟ್ಟಿಲ್ಲ. ಇದನ್ನು ಅವರ ಮನಸ್ಸು ನೋಯಿಸುವುದಕ್ಕಾಗಿ ಹೇಳುತ್ತಿಲ್ಲ. ಆಟಗಳ ಮೇಲಿನ ಅವರ ಪ್ರೀತಿ ನಿಜವಾದದ್ದು, ಅದು ಉಳಿಯಲಿ.

ಜೊತೆಗೆ ಆಡಲು ದಾರಿಯೂ ಇದೆ. ಬೇರೆ ಬೇರೆ ಕಂಪನಿಯ ಯಂತ್ರಗಳಿಂದ ಒಂದೇ ಪಂದ್ಯವಾಡುವುದಕ್ಕೆ ಸೋನಿ ಬಹುಕಾಲ ಒಪ್ಪಿರಲಿಲ್ಲ. ಆಟಗಾರರ ಒತ್ತಾಯದ ಬಳಿಕ 2018ರ ಸೆಪ್ಟೆಂಬರಿನಲ್ಲಿ ಫೋರ್ಟ್‌ನೈಟ್ ಆಟದಿಂದ ಆ ಬಾಗಿಲು ತೆರೆಯಿತು. ಇಂದು ಕಾರುಗಳಿಂದ ಚೆಂಡು ಹೊಡೆಯುವ ರಾಕೆಟ್ ಲೀಗ್ ಎಂಬ ಆಟವನ್ನು ಎರಡೂ ಯಂತ್ರಗಳಲ್ಲಿ ಉಚಿತವಾಗಿ ಇಳಿಸಿಕೊಂಡು, ಚಂದಾ ಕಟ್ಟದೆ, ತೋಟದ ಈಚೆಯಿಂದ ಒಬ್ಬ, ಆಚೆಯಿಂದ ಇನ್ನೊಬ್ಬ ಒಂದೇ ತಂಡದಲ್ಲಿ ಆಡಬಹುದು. ಎದುರು ಬದುರಾಗಿ ಅಲ್ಲ, ಒಂದೇ ತಂಡದಲ್ಲಿ ಆಡಿಸಿ.

ಪ್ರಶ್ನೆ: ಒಂದು ಕಾಲದಲ್ಲಿ ವೀಡಿಯೋ ಗೇಮ್ ಯಂತ್ರಗಳ ತಯಾರಿಕೆಯಲ್ಲಿ ಸೆಗಾ ಎಂಬ ಕಂಪನಿ ನಿಂಟೆಂಡೋಗೆ ಸರಿಸಾಟಿಯಾಗಿತ್ತೆಂದು ಕೇಳಿದ್ದೇನೆ. ಅದು ಸೋತದ್ದು ಹೇಗೆ? ಅದರ ಅಭಿಮಾನಿಗಳು ಏನಾದರು?
– ಪದವಿ ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ತೊಂಬತ್ತರ ದಶಕದಲ್ಲಿ ಕುಂಬಳೆಯ ನಮ್ಮ ನೆರೆಮನೆಗೆ ದುಬೈಯಿಂದ ವೀಡಿಯೋ ಗೇಮ್ ಒಂದು ಬಂದಿತ್ತು. ಹಳದಿ ಬಣ್ಣದ ಕ್ಯಾಸೆಟ್ಟನ್ನು ತೆಗೆದು, ಅದರ ತಳದ ಹಲ್ಲುಗಳ ಸಾಲಿಗೆ ಬಾಯಿಯಿಂದ ಊದಿ, ಮತ್ತೆ ಒತ್ತಿ ಕೂರಿಸಿದರೆ ಟಿವಿಯಲ್ಲಿ ಚಿತ್ರ ಬರುತ್ತಿತ್ತು. ನಾವು ಆಡುತ್ತಿದ್ದುದು ನಿಂಟೆಂಡೋ ಯಂತ್ರದ ನಕಲಿನಲ್ಲಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ಮೂಲ ಯಂತ್ರ ಜಪಾನಿನಲ್ಲಿ ಬಿಡುಗಡೆಯಾದದ್ದು 1983ರ ಜುಲೈಯಲ್ಲಿ. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಆರಂಭಗೊಂಡಿದ್ದ ನಿಂಟೆಂಡೋ, ಎಂಬತ್ತರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯನ್ನು ಬಹುತೇಕ ತನ್ನದಾಗಿಸಿಕೊಂಡಿತ್ತು. ಬೇರೆ ಕಂಪನಿಗಳು ಅದರ ಯಂತ್ರಕ್ಕೆ ಆಟ ತಯಾರಿಸಬೇಕಾದರೆ ಕ್ಯಾಸೆಟ್ಟನ್ನು ನಿಂಟೆಂಡೋ ಮೂಲಕವೇ ಮಾಡಿಸಬೇಕಿತ್ತು, ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿರಲಿಲ್ಲ. ಈ ಬಿಗಿ ಹಿಡಿತದಿಂದ ಬೇಸತ್ತವರಿಗೆ ಸೆಗಾ ಆಸರೆಯಾಯಿತು. 1989ರಲ್ಲಿ ಅಮೆರಿಕಕ್ಕೆ ಜೆನೆಸಿಸ್ ಎಂಬ ಹೆಸರಿನಿಂದ ತಂದ ತನ್ನ ಯಂತ್ರವನ್ನು ಅದು ನಿಂಟೆಂಡೋದ ಹೆಸರು ಹಿಡಿದು ಹಳಿಯುವ ಜಾಹೀರಾತುಗಳಿಂದ ಮಾರಿತು. ಬೆಲೆ ಇಳಿಸಿ, 1991ರಲ್ಲಿ ಸೋನಿಕ್ ಆಟವನ್ನು ಯಂತ್ರದ ಜೊತೆಗೇ ಕೊಟ್ಟಿತು. ಒಂದೇ ತರಗತಿಯ ಮಕ್ಕಳು ನಿಂಟೆಂಡೋ ಆಟಗಳ ನಾಯಕ ಮಾರಿಯೋನ ಪಕ್ಷ, ಸೆಗಾದ ನಾಯಕ ಸೋನಿಕ್‌ನ ಪಕ್ಷ ಎಂದು ಎರಡಾಗುವ ಪರಿಪಾಠವನ್ನು ಬೆಳೆಸಿದ್ದು ಈ ಜಾಹೀರಾತುಗಳೇ ಎಂಬುದು ನನ್ನ ಅಭಿಪ್ರಾಯ.

ಸೆಗಾಕ್ಕೆ ನಿಜವಾದ ಪೆಟ್ಟು ಬಿದ್ದುದು ನಿಂಟೆಂಡೋದಿಂದಲ್ಲ, ಸೋನಿಯಿಂದ. 1991ರ ಜೂನ್ ತಿಂಗಳಲ್ಲಿ ಶಿಕಾಗೋದ ವಸ್ತುಪ್ರದರ್ಶನದಲ್ಲಿ ಸೋನಿಯು ತಾನು ನಿಂಟೆಂಡೋ ಜೊತೆ ಸೇರಿ ಸಿಡಿ ಬಳಸುವ ಯಂತ್ರವನ್ನು ತರುವುದಾಗಿ ಸಾರಿತು. ಮರುದಿನವೇ ನಿಂಟೆಂಡೋ ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಘೋಷಿಸಿತು. ತುಂಬಿದ ಸಭೆಯಲ್ಲಿ ಆದ ಆ ಅವಮಾನದ ಬಳಿಕ ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಅವರ ಛಲದಿಂದ 1994ರ ಡಿಸೆಂಬರಿನಲ್ಲಿ ಹೊರಬಂದದ್ದೇ ಪ್ಲೇಸ್ಟೇಷನ್. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರವು ಅಂದಿನಿಂದಲೇ 399 ಡಾಲರಿಗೆ ದೊರೆಯುವುದೆಂದು ಹಠಾತ್ತನೆ ಪ್ರಕಟಿಸಿತು. ಅದೇ ಸಮಾವೇಶದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು 299 ಎಂಬ ಒಂದೇ ಅಂಕಿಯನ್ನು ಹೇಳಿ ಇಳಿದುಹೋದರು. ಸರಕು ಸಿಗದ ಅಂಗಡಿಯವರು ಸೆಗಾದ ಮೇಲೆ ಮುನಿಸಿಕೊಂಡರು, ಆಟ ತಯಾರಿಸುವವರೂ ಸಿದ್ಧರಿರಲಿಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಅದಕ್ಕೆ ಕೆಲವೇ ತಿಂಗಳು ಹಿಂದೆ ಜೆನೆಸಿಸ್‌ಗೆ ಜೋಡಿಸುವ 32ಎಕ್ಸ್ ಎಂಬ ಉಪಕರಣವನ್ನು ಹಣ ಕೊಟ್ಟು ಕೊಂಡಿದ್ದ ನಿಷ್ಠಾವಂತ ಅಭಿಮಾನಿಗಳೇ ಬೀದಿಯಲ್ಲಿ ಉಳಿದರು. ನಂಬಿ ಬಂದವರನ್ನು ಹಾಗೆ ಕೈಬಿಟ್ಟದ್ದನ್ನು ನಾನು ವ್ಯಾಪಾರದ ಸಾಮಾನ್ಯ ತಪ್ಪೆಂದು ಭಾವಿಸಲಾರೆ. 1998ರಲ್ಲಿ ಬಂದ ಡ್ರೀಮ್‌ಕ್ಯಾಸ್ಟ್ ಒಳ್ಳೆಯ ಯಂತ್ರವಾಗಿದ್ದರೂ, 2000ದಲ್ಲಿ ಡಿವಿಡಿ ಸಿನಿಮಾವನ್ನೂ ತೋರಿಸುವ ಪ್ಲೇಸ್ಟೇಷನ್ 2 ಎದುರು ನಿಲ್ಲಲಿಲ್ಲ. 2001ರ ಜನವರಿ 31ರಂದು ಸೆಗಾ ಯಂತ್ರ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಅಭಿಮಾನಿಗಳೋ? ಅದೇ ವರ್ಷದ ಕೊನೆಗೆ ಸೋನಿಕ್ ಆಟ ನಿಂಟೆಂಡೋದ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂತು. 2007ರಲ್ಲಿ ಮಾರಿಯೋ ಮತ್ತು ಸೋನಿಕ್ ಒಂದೇ ಆಟದಲ್ಲಿ ಜೊತೆಯಾಗಿ ಓಡಿದರು.

ಪ್ರಶ್ನೆ: ಕೊಲ್ಲಿಯಿಂದ ಯಂತ್ರ ತರಿಸಿದರೆ ತೊಂದರೆ ಇದೆಯೇ?
– ಓದುಗರು, ಉಪ್ಪಳ

ಉತ್ತರ: ಅಲ್ಲಿ ಕೊಂಡ ಯಂತ್ರದ ವಾರಂಟಿ ಇಲ್ಲಿ ನಡೆಯುವುದೆಂದು ನಂಬಿ ಕೊಳ್ಳಬೇಡಿ; ರಿಪೇರಿಗೆ ಕೈಯಿಂದ ಹಣ ಹಾಕಬೇಕಾದೀತು. ಯಾವ ಕಂಪನಿಯದು ಎಂದು ನಿರ್ಧರಿಸುವ ಮೊದಲು ನಿಮ್ಮ ಮಕ್ಕಳ ಗೆಳೆಯರ ಬಳಿ ಯಾವುದಿದೆ ಎಂದು ವಿಚಾರಿಸಿ, ಡಿಸ್ಕುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬಹುದು. ವಿದ್ಯುತ್ತಿನ ವಿಷಯದಲ್ಲಿ ಚಿಂತೆ ಬೇಡ. ಅಲ್ಲಿನ ಚಪ್ಪಟೆ ಮೂರು ಕಡ್ಡಿಯ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲವಾದರೂ ಪ್ಲೇಸ್ಟೇಷನ್ 5ರ ವಯರನ್ನು ಯಂತ್ರದಿಂದ ಕಳಚಬಹುದು. ಹಿಂದೆ ಟೇಪ್‌ರೆಕಾರ್ಡರಿಗೆ ಹಾಕುತ್ತಿದ್ದ, ಎಂಟರ ಅಂಕಿಯ ಆಕಾರದ ತುದಿಯುಳ್ಳ ವಯರು ಇದಕ್ಕೂ ಸರಿಯಾಗುತ್ತದೆ. ಇಲೆಕ್ಟ್ರಿಕ್ ಅಂಗಡಿಯಲ್ಲಿ ಒಳ್ಳೆಯ ಗುಣಮಟ್ಟದ್ದನ್ನು ಕೇಳಿ ತೆಗೆದುಕೊಳ್ಳಿ.